ಹಳೆಯ ಲಿನಕ್ಸ್‌ನಲ್ಲಿ ಪ್ರಿಂಟರ್: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಹಳೆಯ ಪಿಸಿಯಲ್ಲಿ ಲಿನಕ್ಸ್ 1.2 ಹಾಕಿ, ಪ್ಯಾರಲಲ್ ಪೋರ್ಟಿಗೆ ಪಿಸಿಎಲ್ (ಒಂದು ಪ್ರಿಂಟರ್ ಭಾಷೆ) ಬಲ್ಲ ಲೇಸರ್ ಪ್ರಿಂಟರ್ ಜೋಡಿಸಿದ್ದೇನೆ. ಅಚ್ಚಿಗೆ ಕಳುಹಿಸುವ ಎಲ್‌ಪಿಆರ್ ಆದೇಶ ಕೊಟ್ಟರೆ ಕಡತ ಸರದಿಗೆ ಸೇರುತ್ತದೆ, ಕಾಗದ ಮಾತ್ರ ಹೊರಬರುವುದಿಲ್ಲ. ಎಲ್ಲಿಂದ ಹುಡುಕಲಿ?

ಉತ್ತರ: ಸ್ಪೂಲರ್ (ಅಚ್ಚಿನ ಸರದಿ ನೋಡಿಕೊಳ್ಳುವ ವ್ಯವಸ್ಥೆ) ಗೊಡವೆ ಸದ್ಯಕ್ಕೆ ಬೇಡ. ರೂಟ್ (ಪೂರ್ಣ ಅಧಿಕಾರವಿರುವ ಬಳಕೆದಾರ) ಆಗಿ ಒಳಹೊಕ್ಕು, ಚಿಕ್ಕದೊಂದು ಪಠ್ಯ ಕಡತವನ್ನು ಕ್ಯಾಟ್ ಆದೇಶದ ಮೂಲಕ ನೇರವಾಗಿ ಪೋರ್ಟಿಗೇ ಕಳುಹಿಸಿ. ಯಾವ ಪೋರ್ಟ್ ಎಂಬುದರಲ್ಲೇ ಬಹಳ ಜನ ಎಡವುತ್ತಾರೆ. ಆ ಕಾಲದ ಕರ್ನಲ್‌ಗಳಲ್ಲಿ (ಲಿನಕ್ಸ್‌ನ ತಿರುಳಿನಲ್ಲಿ) ಎಲ್‌ಪಿ0 ಎಂದರೆ ಹೆಕ್ಸಾ 3ಬಿಸಿ ವಿಳಾಸ, ಎಲ್‌ಪಿ1 ಎಂದರೆ 378, ಎಲ್‌ಪಿ2 ಎಂದರೆ 278. ಹೆಚ್ಚಿನ ಪಿಸಿಗಳ ಪೋರ್ಟ್ 378ರಲ್ಲಿರುವುದರಿಂದ ನಿಮಗೆ ಬೇಕಾದದ್ದು ಬಹುಶಃ /ಡೆವ್/ಎಲ್‌ಪಿ1. ಮೊದಲು ಸಿಕ್ಕ ಪೋರ್ಟನ್ನೇ ಎಲ್‌ಪಿ0 ಎಂದು ಕರೆಯುವ ಪದ್ಧತಿ ಕರ್ನಲ್ 2.2ರ ಹೊತ್ತಿಗೆ ಬಂದದ್ದು. ಹೊಸ ಕೈಪಿಡಿಯನ್ನು ಇಲ್ಲಿ ನಂಬಬೇಡಿ. ಇನ್ನೊಂದು ಮಾತು: ಪುಟ ತುಂಬುವವರೆಗೆ ಲೇಸರ್ ಪ್ರಿಂಟರ್ ಕಾಗದವನ್ನು ಬಿಡುವುದಿಲ್ಲ. ದೀಪ ಮಿನುಗಿ ಸುಮ್ಮನಾದರೆ ಫಾರ್ಮ್ ಫೀಡ್ ಗುಂಡಿ ಒತ್ತಿ ನೋಡಿ.

ಮತ್ತೊಬ್ಬರು: ಅಕ್ಷರ ಮೂಡಿತೆಂದರೆ ಕೇಬಲ್, ಕರ್ನಲ್ ಎರಡೂ ಸರಿಯಿವೆ, ಉಳಿದದ್ದು ಪ್ರಿಂಟ್‌ಕ್ಯಾಪ್, ಅಂದರೆ ಪ್ರಿಂಟರ್ ವಿವರ ಬರೆಯುವ ಕಡತ. ಅದರಲ್ಲಿ ‘ಎಲ್‌ಪಿ’ಗೆ ಅದೇ ಪೋರ್ಟ್ ಕೊಡಿ. ‘ಎಸ್‌ಡಿ’ಯಲ್ಲಿ ಹೇಳಿದ ಸರದಿಯ ಡೈರೆಕ್ಟರಿ ನಿಜವಾಗಿಯೂ ಇರಬೇಕು, ಅದರಲ್ಲಿ ಬರೆಯಲು ಎಲ್‌ಪಿಡಿಗೆ (ಸರದಿಯಿಂದ ಅಚ್ಚಿಗೆ ಕಳುಹಿಸುವ ಪ್ರೋಗ್ರಾಂ) ಅನುಮತಿಯೂ ಇರಬೇಕು. ಕಡತದ ಗಾತ್ರದ ಮಿತಿಯಾದ ‘ಎಂಎಕ್ಸ್’ ಅನ್ನು ಸೊನ್ನೆ ಮಾಡಿ. ಇಲ್ಲದಿದ್ದರೆ ಕಡತದಲ್ಲಿ 1000 ಬ್ಲಾಕ್ ಮೀರಿದ ಭಾಗ ಅಚ್ಚಾಗದು, ಚಿತ್ರಗಳಿಗೆ ಅದು ಸಾಲದು. ಪ್ರಿಂಟ್‌ಕ್ಯಾಪ್‌ನ ಸಾಲಿನ ಕೊನೆಯ ಹಿಂಗೆರೆಯ (ಬ್ಯಾಕ್‌ಸ್ಲ್ಯಾಶ್) ಆಚೆ ಒಂದು ಖಾಲಿ ಜಾಗ ಉಳಿದರೂ ಮುಂದಿನ ಸಾಲು ಕಳಚಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಈ ತಪ್ಪು ನನ್ನನ್ನು ಕಾಡಿದಷ್ಟು ಬೇರೆ ಯಾವುದೂ ಕಾಡಿಲ್ಲ.

ಮೂರನೆಯವರು: ಮೊದಲ ಪುಟದಲ್ಲಿ ಪ್ರತಿ ಸಾಲೂ ಹಿಂದಿನದು ಮುಗಿದ ಕಡೆಯಿಂದಲೇ ಆರಂಭವಾಗಿ ಮೆಟ್ಟಿಲಿನಂತೆ ಬಲಕ್ಕೆ ಇಳಿದರೆ ಗಾಬರಿಯಾಗಬೇಡಿ, ಸಂತೋಷಪಡಿ. ಯುನಿಕ್ಸ್ (ಲಿನಕ್ಸ್ ಕೂಡ) ಸಾಲಿನ ಕೊನೆಗೆ ಲೈನ್ ಫೀಡ್, ಅಂದರೆ ಕೆಳಗಿನ ಸಾಲಿಗೆ ಇಳಿಯುವ ಸಂಕೇತ, ಮಾತ್ರ ಹಾಕುತ್ತದೆ. ಪ್ರಿಂಟರ್ ಕ್ಯಾರೇಜ್ ರಿಟರ್ನ್ (ಸಾಲಿನ ಆರಂಭಕ್ಕೆ ಮರಳುವ ಸಂಕೇತ) ಕೂಡ ನಿರೀಕ್ಷಿಸುತ್ತದೆ. ಪ್ರಿಂಟ್‌ಕ್ಯಾಪ್‌ನ ‘ಐಎಫ್’ ಫಿಲ್ಟರ್ (ಕಡತ ಅಚ್ಚಿಗೆ ಹೋಗುವಾಗ ಹಾದುಹೋಗುವ ಪ್ರೋಗ್ರಾಂ) ಆಗಿ ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆಯಿರಿ: ಲೈನ್ ಫೀಡ್ ಬಂದಾಗ ಕ್ಯಾರೇಜ್ ರಿಟರ್ನ್ ಕೂಡ ಮಾಡು ಎಂದು ಪ್ರಿಂಟರ್‌ಗೆ ಹೇಳಲು ಮೊದಲು ಎಸ್ಕೇಪ್, ಆ್ಯಂಪರ್ಸ್ಯಾಂಡ್, ಚಿಕ್ಕ ಕೆ, 2, ದೊಡ್ಡ ಜಿ ಕಳುಹಿಸಿ, ನಂತರ ಕಡತ, ಕೊನೆಗೆ ಫಾರ್ಮ್ ಫೀಡ್. ಸ್ಕ್ರಿಪ್ಟ್ ಸೊನ್ನೆ ಮರಳಿಸಿಯೇ ಮುಗಿಯಬೇಕು. 1 ಮರಳಿಸಿದರೆ ಎಲ್‌ಪಿಡಿ ಅದೇ ಕಡತವನ್ನು ಮತ್ತೆ ಅಚ್ಚಿಗೆ ಕಳುಹಿಸುತ್ತದೆ. ಪೋಸ್ಟ್‌ಸ್ಕ್ರಿಪ್ಟ್ (ಇನ್ನೊಂದು ಪ್ರಿಂಟರ್ ಭಾಷೆ) ಕಡತಗಳಿದ್ದರೆ ಅವನ್ನು ನಿಮ್ಮ ಪ್ರಿಂಟರ್‌ಗೆ ತಕ್ಕಂತೆ ಬದಲಿಸುವ ಘೋಸ್ಟ್‌ಸ್ಕ್ರಿಪ್ಟ್ ಬೇಕಾಗುತ್ತದೆ. ಅದಕ್ಕೆ ಈಗಲೇ ಕೈಹಾಕಬೇಡಿ, ಸಾದಾ ಪಠ್ಯ ನೆಟ್ಟಗೆ ಬರಲಿ.