ಪಂಜು ಆರಿದರೂ ಕಾಳಗ ಸಪ್ಪೆ: ಕತ್ತಲೆಯ ನಿಯಮದಲ್ಲಿ ನಾನು ಎಡವಿದ್ದು ಎಲ್ಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರಗಳಾಗಿ ದಾಳ ಹಾಕುತ್ತಾ ಆಡುವ ಆಟದ ಐದನೇ ಆವೃತ್ತಿಯ 2014ರ ನಿಯಮಗಳಂತೆ ನಾಲ್ವರು ಗೆಳೆಯರಿಗೆ ಆಟ ನಡೆಸುತ್ತಿದ್ದೇನೆ. ಮಾನವ ಫೈಟರ್ (ಯೋಧ), ಹಾಫ್ಲಿಂಗ್ ಜನಾಂಗದ ರೋಗ್ (ಕಳ್ಳ), ಎಲ್ಫ್ ಜನಾಂಗದ ವಿಝರ್ಡ್ (ಮಂತ್ರವಾದಿ) ಮತ್ತು ಡ್ವಾರ್ಫ್ ಜನಾಂಗದ ಕ್ಲೆರಿಕ್ (ಪುರೋಹಿತ), ನಾಲ್ವರೂ ಮೂರನೇ ಲೆವೆಲ್‌ನಲ್ಲಿದ್ದಾರೆ. ಕಳೆದ ವಾರ ಗಾಬ್ಲಿನ್‌ಗಳೆಂಬ ಪುಟ್ಟ ರಾಕ್ಷಸರ ಗುಹೆಯಲ್ಲಿ ರೋಗ್ ಹಿಡಿದಿದ್ದ ಪಂಜು ನೀರಿಗೆ ಬಿದ್ದು ಆರಿತು. (ಟಾರ್ಚ್ ಎಂದರೆ ಆತ ಬ್ಯಾಟರಿಯದ್ದೇ ಎಂದುಕೊಂಡಿದ್ದ, ಅಂದಿನಿಂದ ನಮ್ಮಲ್ಲಿ ಪಂಜು ಎಂಬ ಮಾತೇ ಖಾಯಂ.) ಕತ್ತಲೆಯಲ್ಲಿ ಯಾರಿಗೂ ಯಾರೂ ಕಾಣುವುದಿಲ್ಲವಾದ್ದರಿಂದ ಅಡ್ವಾಂಟೇಜ್ (ಎರಡು ದಾಳ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳುವುದು), ಡಿಸ್‌ಅಡ್ವಾಂಟೇಜ್ (ಕಡಿಮೆಯದನ್ನು ಇಟ್ಟುಕೊಳ್ಳುವುದು) ಎರಡೂ ವಜಾ ಆಗುತ್ತವೆ ಎಂದು ತಿಳಿದು, ಎಲ್ಲರಿಂದಲೂ ಒಂದೊಂದೇ ದಾಳ ಹಾಕಿಸಿದೆ. ಹಾಡಹಗಲಿನಲ್ಲಿ ನಡೆದ ಕಾಳಗಕ್ಕೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ವಿಝರ್ಡ್ ಕತ್ತಲೆ ಕವಿಸುವ ಡಾರ್ಕ್‌ನೆಸ್ ಮಂತ್ರ ಹಾಕಿ, ತನಗೆ ಡಾರ್ಕ್‌ವಿಷನ್ (ಕತ್ತಲೆಯಲ್ಲಿ ನೋಡುವ ಶಕ್ತಿ) ಇರುವುದರಿಂದ ಒಳಗಿನದೆಲ್ಲ ಕಾಣುತ್ತದೆ ಎಂದು ವಾದಿಸಿದ. ನಾನು ಒಪ್ಪಿದೆ, ಎರಡೇ ಸುತ್ತಿನಲ್ಲಿ ಗಾಬ್ಲಿನ್‌ಗಳ ಕಥೆ ಮುಗಿಯಿತು.

ಉತ್ತರ:
ತಾವು ಎರಡು ಬಗೆಯ ಕತ್ತಲೆಗಳನ್ನು ಅದಲುಬದಲು ಮಾಡಿದ್ದೀರಿ. ಒಂದೇ ದಾಳ ಹಾಕಿಸಬೇಕಿದ್ದುದು ಮಂತ್ರದ ಕತ್ತಲೆಯಲ್ಲಿ, ಗುಹೆಯ ಕತ್ತಲೆಯಲ್ಲಲ್ಲ.

ಗಾಬ್ಲಿನ್‌ಗಳಿಗೆ 60 ಅಡಿಯ ಡಾರ್ಕ್‌ವಿಷನ್ ಇದೆ. ಅಷ್ಟು ದೂರದವರೆಗೆ ಕಗ್ಗತ್ತಲೆಯೂ ಅವುಗಳಿಗೆ ಮಬ್ಬು ಬೆಳಕಿನಂತೆ, ಬಣ್ಣವಿಲ್ಲದೆ ಬರೀ ಬೂದಾಗಿ ಕಾಣುತ್ತದೆ. ಮಬ್ಬು ಬೆಳಕಿನಿಂದ ಕಣ್ಣನ್ನು ನೆಚ್ಚಿದ ಪರ್ಸೆಪ್ಷನ್‌ಗೆ (ಗಮನಿಸುವ ಪರೀಕ್ಷೆಗೆ) ಡಿಸ್‌ಅಡ್ವಾಂಟೇಜ್ ಬರುತ್ತದೆಯೇ ಹೊರತು ದಾಳಿಗೆ ಬರುವುದಿಲ್ಲ. ಎಲ್ಫ್ ಮತ್ತು ಡ್ವಾರ್ಫ್‌ಗೂ ಇದೇ ಅನ್ವಯಿಸುತ್ತದೆ. ಆದ್ದರಿಂದ ಪಂಜು ಆರಿದಾಗ ಕಣ್ಣು ಕಳೆದುಕೊಂಡವರು ಫೈಟರ್ ಮತ್ತು ರೋಗ್ ಇಬ್ಬರೇ. ಅದರ ಪೆಟ್ಟು ಎಷ್ಟೆಂದು ಲೆಕ್ಕ ಹಾಕಿ ನೋಡಿ: ಇಪ್ಪತ್ತು ಮುಖದ ದಾಳಕ್ಕೆ 5 ಕೂಡಿಸುವ ಫೈಟರ್‌ಗೆ 15 ಎಸಿಯ (ಏಟು ತಗುಲಲು ಮುಟ್ಟಬೇಕಾದ ರಕ್ಷಣಾ ಅಂಕ) ಗಾಬ್ಲಿನ್ ಮೇಲೆ ಏಟು ತಗುಲಿಸುವ ಸಾಧ್ಯತೆ ಬೆಳಕಿನಲ್ಲಿ ಶೇ 55 ಇದ್ದದ್ದು, ಎರಡು ದಾಳಗಳಲ್ಲಿ ಕಡಿಮೆಯದನ್ನೇ ಇಟ್ಟುಕೊಳ್ಳಬೇಕಾದಾಗ ಸುಮಾರು ಶೇ 30ಕ್ಕೆ ಕುಸಿಯುತ್ತದೆ, ಅದೇ ಹೊತ್ತಿಗೆ, ದಾಳಕ್ಕೆ 4 ಕೂಡಿಸುವ ಗಾಬ್ಲಿನ್‌ಗೆ ತನ್ನನ್ನು ಕಾಣದ 18 ಎಸಿಯ ಫೈಟರ್ ಮೇಲಿನ ಸಾಧ್ಯತೆ, ಎರಡು ದಾಳಗಳಲ್ಲಿ ಹೆಚ್ಚಿನದನ್ನು ಇಟ್ಟುಕೊಳ್ಳುವುದರಿಂದ, ಶೇ 35ರಿಂದ ಸುಮಾರು ಶೇ 58ಕ್ಕೆ ಏರುತ್ತದೆ. ಇದನ್ನು ಸಪ್ಪೆ ಎನ್ನಲು ನಿಮ್ಮ ಫೈಟರ್ ಬದುಕಿ ಉಳಿಯಬೇಕಷ್ಟೆ.

ಡಾರ್ಕ್‌ನೆಸ್ ಮಂತ್ರದ 15 ಅಡಿ ತ್ರಿಜ್ಯದ ಗೋಳವನ್ನು ಡಾರ್ಕ್‌ವಿಷನ್ ಭೇದಿಸುವುದಿಲ್ಲ, ಪಂಜೂ ಬೆಳಗುವುದಿಲ್ಲ. ಮಂತ್ರದ ಕತ್ತಲೆಯಲ್ಲೂ ನೋಡಬಲ್ಲ ಡೆವಿಲ್ಸ್ ಸೈಟ್ ಶಕ್ತಿ ಪಡೆದ ವಾರ್ಲಾಕ್‌ನ (ಇನ್ನೊಂದು ಬಗೆಯ ಮಂತ್ರವಾದಿಯ) ಮಾತು ಬೇರೆ. ನಿಮ್ಮ ಎಲ್ಫ್‌ಗೆ ಆ ಭಾಗ್ಯವಿಲ್ಲ. ಅಲ್ಲಿ ಇಬ್ಬರೂ ಕುರುಡರಾದ್ದರಿಂದ ದಾಳ ಒಂದೇ. ಆದರೂ ಆ ಕಾಳಗ ಹಗಲಿನದರಂತೆ ಇರುವುದಿಲ್ಲ, ಏಕೆಂದರೆ ಆಪರ್ಚುನಿಟಿ ಅಟ್ಯಾಕ್ (ಬಿಟ್ಟು ದೂರ ಸರಿಯುವವನ ಮೇಲಿನ ಏಟು) ಮಾಡಲು ಹಾಗೂ ಮ್ಯಾಜಿಕ್ ಮಿಸೈಲ್‌ನಂಥ ಮಂತ್ರಗಳನ್ನು ಪ್ರಯೋಗಿಸಲು ಎದುರಾಳಿ ಕಣ್ಣಿಗೆ ಕಾಣಲೇಬೇಕು. ಹೀಗಾಗಿ ನನ್ನ ಮಟ್ಟಿಗೆ ಡಾರ್ಕ್‌ನೆಸ್ ಕೊಲ್ಲುವ ಮಂತ್ರವಲ್ಲ, ಜಾರಿಕೊಳ್ಳುವ ಮಂತ್ರ. ಕಾಣದಿರುವುದೂ ಅಡಗಿರುವುದೂ ಒಂದೇ ಅಲ್ಲ ಎಂಬುದನ್ನೂ ಗಮನಿಸಿ: ಹೈಡ್ ಮಾಡದವನ ಜಾಗ ಸಪ್ಪಳದಿಂದಲೇ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಇನ್ನೊಂದು ತೊಡಕಿದೆ. ಫೈಟರ್‌ನ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ರೋಗ್‌ನ ಬಿಲ್ಲಿಗೆ ಎರಡೂ ಕೈ ಬೇಕು. ಪಂಜು ಹಿಡಿಯುವವರಾರು?

ಉತ್ತರ:
ಯಾರೂ ಬೇಡ. ಪಂಜು 20 ಅಡಿ ಚೆನ್ನಾಗಿ, ಮುಂದಿನ 20 ಅಡಿ ಮಬ್ಬಾಗಿ ಬೆಳಗುತ್ತದೆ; ಅದರಾಚೆ ನಿಂತ ಗಾಬ್ಲಿನ್ ಮಾನವನ ಕಣ್ಣಿಗೆ ಬೀಳುವುದಿಲ್ಲ, ಆದರೆ ಪಂಜು ಹಿಡಿದವನು ಗುಹೆಗೆಲ್ಲ ಕಾಣುತ್ತಾನೆ. ಬೆಳಕು ಬೇಕಿರುವುದು ನೋಡುವವನ ಕೈಯಲ್ಲಲ್ಲ, ನೋಡಬೇಕಾದವನ ಮೈಮೇಲೆ. ಕ್ಲೆರಿಕ್‌ಗೆ ಲೈಟ್ ಕ್ಯಾಂಟ್ರಿಪ್ (ವಸ್ತುವನ್ನು ಬೆಳಗಿಸುವ ಪುಟ್ಟ ಮಂತ್ರ) ಇದ್ದರೆ ಅದನ್ನು ಒಂದು ಬಾಣದ ಮೇಲೆ ಹಾಕಲಿ. ರೋಗ್ ಅದನ್ನು ಗಾಬ್ಲಿನ್‌ಗಳ ನಡುವಿನ ನೆಲಕ್ಕೆ ಬಿಡಲಿ. ನಿಮ್ಮವರು 70 ಅಡಿ ದೂರದ ಕತ್ತಲೆಯಲ್ಲಿ ಉಳಿದರೆ, 60 ಅಡಿಗಿಂತ ಆಚೆ ನೋಡಲಾಗದ ಗಾಬ್ಲಿನ್‌ಗಳಿಗೆ ಅವರು ಕಾಣುವುದಿಲ್ಲ. ಶಾರ್ಟ್‌ಬೋ (ಚಿಕ್ಕ ಬಿಲ್ಲು) 80 ಅಡಿಯವರೆಗೆ ತೊಂದರೆಯಿಲ್ಲದೆ ಮುಟ್ಟುತ್ತದೆ. ಕಾಣದವನ ಬಾಣಕ್ಕೆ ಅಡ್ವಾಂಟೇಜ್. ಅಡ್ವಾಂಟೇಜ್ ಇದ್ದಲ್ಲಿ ರೋಗ್‌ಗೆ ಸ್ನೀಕ್ ಅಟ್ಯಾಕ್, ಅಂದರೆ ಹೆಚ್ಚುವರಿ ಪೆಟ್ಟು.

ಪ್ರಶ್ನೆ ಕೇಳಿದವರು:
ನಿನ್ನೆ ಹಾಗೆಯೇ ಮಾಡಿದರು. ಎರಡು ಗಾಬ್ಲಿನ್‌ಗಳು ಉರುಳಿದವು. ಆದರೆ ಬೆಳಕು ತೂರದ ವಸ್ತುವಿನಿಂದ ಪೂರ್ತಿ ಮುಚ್ಚಿದರೆ ಲೈಟ್‌ನ ಬೆಳಕು ಹೊರಬರುವುದಿಲ್ಲ ಎಂಬ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಮೂರನೆಯ ಗಾಬ್ಲಿನ್ ಅಡುಗೆಯ ಕಬ್ಬಿಣದ ಹಂಡೆಯನ್ನು ಎತ್ತಿ ತಂದು ಬಾಣದ ಮೇಲೆ ಬೋರಲು ಹಾಕಿತು. ಮೇಜಿನ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.