ಸಹಾಯ ಬೇಕು: ಅವಳಿಯಲ್ಲಿ ಒಂದು ಮಗು, ಇನ್ನೊಂದು ಮೋಲಾರ್ ಗರ್ಭ

ನಮಸ್ಕಾರ. ತಂಗಿಗೆ ಈಗ 15 ವಾರ, ನಾವು ದಾವಣಗೆರೆಯವರು. ಸ್ಕ್ಯಾನಿಂಗ್‌ನಲ್ಲಿ ಮಗು ಚೆನ್ನಾಗಿದೆ, ಹೃದಯ ಬಡಿತವೂ ಸರಿ ಇದೆ. ಆದರೆ ಪಕ್ಕದಲ್ಲೇ ದ್ರಾಕ್ಷಿ ಗೊಂಚಲಿನಂಥ ಇನ್ನೊಂದು ಮಾಸು ಕಾಣುತ್ತಿದೆ. ಎಚ್‌ಸಿಜಿ (ಗರ್ಭಿಣಿಯರಲ್ಲಿ ಬರುವ ಹಾರ್ಮೋನ್) ತುಂಬಾ ಜಾಸ್ತಿ. ಅವಳಿಯಲ್ಲಿ ಒಂದು ಮೋಲಾರ್ (ಮಗುವಾಗದೆ ಮಾಸು ಮಾತ್ರ ಅಸಹಜವಾಗಿ ಬೆಳೆದ ಗರ್ಭ) ಆಗಿರಬಹುದು ಎಂದರು ಡಾಕ್ಟರ್.

ಖಚಿತವಾಗಲು ಆಮ್ನಿಯೋಸೆಂಟೆಸಿಸ್ (ಮಗುವಿನ ಸುತ್ತಲಿನ ನೀರು ತೆಗೆದು ಮಾಡುವ ಕ್ರೋಮೋಸೋಮ್ ಪರೀಕ್ಷೆ) ಮಾಡಿಸಬೇಕಂತೆ. ಪಾರ್ಶಿಯಲ್ ಮೋಲ್ (ಅವಳಿಯಲ್ಲ, ಒಂದೇ ಗರ್ಭದಲ್ಲಿ ಮಗುವೂ ಅಸಹಜ ಮಾಸೂ ಇರುವುದು) ಆದರೆ ಸಾಮಾನ್ಯವಾಗಿ ಮಗುವಿಗೇ 69 ಕ್ರೋಮೋಸೋಮ್ ಇರುತ್ತದೆ, ಉಳಿಯುವುದಿಲ್ಲ. ಎಲ್ಲರಂತೆ 46 ಇದ್ದು ನಿಜವಾಗಿ ಅವಳಿಯೇ ಆಗಿದ್ದರೆ ಆಸೆ ಇದೆ. ಮುಂದುವರಿಸಿದವರಲ್ಲಿ ಸುಮಾರು 10ಕ್ಕೆ 4 ಮಂದಿಗೆ ಮಗು ಉಳಿದಿದೆಯಂತೆ. ಆದರೆ ರಕ್ತಸ್ರಾವ, ಬಿಪಿ, ಥೈರಾಯ್ಡ್ ತೊಂದರೆ, ಅವಧಿಗೆ ಮುಂಚೆ ಹೆರಿಗೆ, ಎಲ್ಲದರ ಅಪಾಯವೂ ಇದೆ. ಆಮೇಲೂ ಎಚ್‌ಸಿಜಿ ಇಳಿಯುವವರೆಗೆ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಇಳಿಯದಿದ್ದರೆ ಮೋಲಾರ್ ಅಂಶ ಒಳಗೇ ಉಳಿದು ಬೆಳೆಯುತ್ತಿದೆ ಎಂದರ್ಥ, ಆಗ ಕೀಮೋ.

ತಂಗಿಗೆ ಮುಂದುವರಿಸುವ ಮನಸ್ಸು. ನೆಂಟರು ಸುಮ್ನೆ ‘ತೆಗೆಸಿಬಿಡಿ’ ಅಂತಾರೆ. ನಿರ್ಧಾರ ಅವಳದ್ದು ತಾನೇ?

ಇದನ್ನು ಎದುರಿಸಿದವರು ಯಾರಾದರೂ ಇದ್ದೀರಾ? ಬೆಂಗಳೂರು ಅಥವಾ ಮಂಗಳೂರು ಕಡೆ ಫೀಟಲ್ ಮೆಡಿಸಿನ್ (ಹೊಟ್ಟೆಯಲ್ಲಿರುವ ಮಗುವಿನ ತಜ್ಞರು), ಕ್ಯಾನ್ಸರ್ ವಿಭಾಗ, ಎನ್‌ಐಸಿಯು (ನವಜಾತ ಶಿಶುಗಳ ಐಸಿಯು), ರಕ್ತನಿಧಿ ಒಂದೇ ಕಡೆ ಇರುವ ಆಸ್ಪತ್ರೆ ಬೇಕು. ಖರ್ಚು ಎಷ್ಟಾಗಬಹುದು ಎಂದೂ ತಿಳಿಸಿ. ಮನೆಮದ್ದು ದಯವಿಟ್ಟು ಬೇಡ. ಸೋಮವಾರದೊಳಗೆ ತಿಳಿಸಿದರೆ ದೊಡ್ಡ ಉಪಕಾರ.