ರೊಟ್ಟಿ-ಪಲ್ಯೆದ ರುಚಿ ಮಕ್ಕಳಿಗೆ ದಾಟಿಸೋದು ಹೆಂಗ?

ಹೊಸಯಲ್ಲಾಪುರ_ಅಂಗಳ:
ಅಜ್ಜ-ಅಜ್ಜಿಗೆ ಎರಡೂ ಹೊತ್ತು ಜೋಳದ ರೊಟ್ಟಿ, ಅವರ ಮಕ್ಕಳಿಗೆ ಚಪಾತಿ-ಅನ್ನ, ಮೊಮ್ಮಕ್ಕಳಿಗೆ ಬಿಸ್ಕಿಟ್ಟು, ನೂಡಲ್ಸ್. ಧಾರವಾಡದಾಗ ಎಷ್ಟೋ ಮನಿ ತಾಟು ಹಿಂಗ ಬದಲಾಗೇದ. ನಮ್ಮಲ್ಲಿ 7 ತಿಂಗಳ ಕೂಸು, 4 ವರ್ಷದ ಹುಡುಗ ಇದ್ದಾರ. ರುಚಿ ಹುಟ್ಟಿನಿಂದ ಬರ್ತದೋ, ರೂಢಿಯಿಂದಲೋ? ಜೋಳ ಯಾವ ವಯಸ್ಸಿಗೆ, ಯಾವ ರೂಪದಾಗ ಕೊಡಬೇಕು? ಹಿರಿಯರ ರೂಢಿಯೊಳಗ ಬಿಡೋದೇನಾದರೂ ಅದ ಏನು?

ಹಕ್ಕರಕಿ_ಗದಗ:
ಎರಡರಿಂದಲೂ ಬರ್ತದ, ಆದರ ರೂಢಿ ಪಾಲೇ ದೊಡ್ಡದು. ಸಿಹಿ ಮೇಲಿನ ಆಸೆ ಎಲ್ಲಾ ಕೂಸುಗಳಿಗೂ ಹುಟ್ಟಾ ಇರ್ತದ. ಕಹಿ ಎಷ್ಟು ಚುರುಕಾಗಿ ಹತ್ತತದ ಅನ್ನೋದು ಸ್ವಲ್ಪ ಹೆತ್ತವರಿಂದ ಬಂದ ಜೀನಿನ ಕೆಲಸ. ಅದಕ್ಕ ಒಂದೇ ಮನಿಯೊಳಗ ಒಬ್ಬನು ಮೆಂತೆಪಲ್ಯೆ ತಿಂತಾನ, ಇನ್ನೊಬ್ಬನು ಉಗುಳತಾನ. ಉಳಿದದ್ದೆಲ್ಲಾ ಕಲಿಕಿ, ಅದೂ ಹೊಟ್ಟಿಯೊಳಗಿದ್ದಾಗಿಂದನ. ಅಮೆರಿಕದ ಫಿಲಡೆಲ್ಫಿಯಾದಾಗ ರುಚಿ-ವಾಸನಿ ಸಂಶೋಧನಾ ಮಾಡೋ ಮೊನೆಲ್ ಕೇಂದ್ರದವರು 2001ರಾಗ ಪ್ರಕಟಿಸಿದ ಅಧ್ಯಯನದಾಗ, ಬಸುರಿದ್ದಾಗ ಇಲ್ಲಾ ಹಾಲುಣಿಸೋವಾಗ ಗಜ್ಜರಿ ರಸ ಕುಡಿದ ತಾಯಂದಿರ ಕೂಸುಗಳು ಗಜ್ಜರಿ ರುಚಿಯ ಗಂಜಿಗೆ ಮುಖ ಕಿವಿಚಿದ್ದು ಕಡಿಮಿ. ಬೆಳ್ಳುಳ್ಳಿ ವಾಸನಿ ಎದಿಹಾಲಿಗೆ ಇಳೀತದ ಅನ್ನೋದನ್ನೂ ಅಲ್ಲಿಯವರೇ ತೋರಿಸ್ಯಾರ. ನಮ್ಮ ಕಡೆ ಬಾಣಂತಿಗೆ ಸಬ್ಬಸಗಿ ಪಲ್ಯೆ, ಬೆಳ್ಳುಳ್ಳಿ ಉಣಿಸ್ತಾರಲ್ಲ, ಮನಿ ಅಡಗಿಯ ಮೊದಲ ಪಾಠ ಅದು.

7 ತಿಂಗಳ ಕೂಸಿಗೆ: ಒಂದು ವಾಟಿ ನೀರಿಗೆ 2 ಚಮಚ ಬಿಳಿಜೋಳದ ಹಿಟ್ಟು. ಮೊದಲು ತಣ್ಣೀರಾಗ ಕಲಿಸಿಕೋರಿ, ಇಲ್ಲಂದ್ರ ಗಂಟಾಗಿ ಒಳಗ ಹಸಿ ಉಳೀತದ. ಸಣ್ಣ ಉರಿ ಮ್ಯಾಲೆ 8–10 ನಿಮಿಷ ಕೈಯಾಡಿಸ್ಕೋತ ಕುದಿಸ್ರಿ. ಚಮಚ ಓರೆ ಮಾಡಿದರ ಜಾರಿ ಬೀಳಬೇಕು, ನೀರಿನಂಗ ಸುರೀಬಾರದು. ತೆಳುವಾದರ ಹೊಟ್ಟಿ ತುಂಬತದ, ಶಕ್ತಿ ಸಿಗೂದಿಲ್ಲ. ಮ್ಯಾಲೆ ಅರ್ಧ ಚಮಚ ತುಪ್ಪ. ಜೋಳದಾಗ ಲೈಸಿನ್ ಅನ್ನೋ ಪ್ರೋಟೀನಿನ ಅಂಶ ಕಡಿಮಿ, ಅದನ್ನ ಹೆಸರುಬ್ಯಾಳಿ ತುಂಬತದ. ಹಂಗಾಗಿ ದಿನಾ ಒಂದು ಹೊತ್ತು ಬ್ಯಾಳಿ ಕಟ್ಟು ಕೂಡಿಸ್ರಿ. ವರ್ಷ ತುಂಬೋತನಕ ಉಪ್ಪು, ಜೇನು ಎರಡೂ ಬ್ಯಾಡ. ಎದಿಹಾಲು ಬಿಡಿಸಬ್ಯಾಡ್ರಿ.

ಒಂದು ಸಲ ಉಗುಳಿತು ಅಂತ 'ಇದಕ್ಕ ಜೋಳ ಸೇರೂದಿಲ್ಲ' ಅಂದುಬಿಡೋದು ದೊಡ್ಡ ತಪ್ಪು. ಹೊಸ ರುಚಿ ಒಪ್ಪಾಕ 8–15 ಸಲನೂ ಬೇಕಾಗಬಹುದು. ಎರಡು-ಮೂರು ದಿನಕ್ಕೊಮ್ಮೆ ಒಂದೇ ಚಮಚ ಇಡ್ರಿ. ಒತ್ತಾಯ ಮಾಡಿದರ ಆ ವಾಸನಿಗೇ ಹೆದರಿಕಿ ಅಂಟತದ.

ಶಿಗ್ಗಾವಿ_ಸಾವಿ:
4 ವರ್ಷದ ಹುಡುಗನಿಗೆ ರೊಟ್ಟಿಗಿಂತ ಮೊದಲು ಮುಟಗಿ ಕೊಡ್ರಿ. ಒಂದು ದಪ್ಪ ರೊಟ್ಟಿ ಬೇಯಿಸಿ, ಹಂಚಿನಿಂದ ಇಳಿಸಿದ ಕೂಡ್ಲೆ ಒರಳಿಗೆ ಹಾಕ್ರಿ. 2 ಎಸಳು ಬೆಳ್ಳುಳ್ಳಿ, ಕಾಲು ಚಮಚ ಜೀರಗಿ, ಚಿಟಿಕಿ ಉಪ್ಪು. ಕುಟ್ಟಿ ಪುಡಿಪುಡಿ ಆದಮ್ಯಾಲೆ ಒಂದು ಚಮಚ ಶೇಂಗಾ ಎಣ್ಣಿ ಬಿಟ್ಟು ಮುಷ್ಟಿಯೊಳಗ ಒತ್ತಿ ಹಿಡೀರಿ. ಬೆರಳಿನ ಅಚ್ಚು ಮೂಡಿದರ ಸರಿ ಐತಿ. ಉದುರಿದರ ರೊಟ್ಟಿ ಆರಿತ್ತು ಅಂತ ತಿಳೀರಿ. ಬಿಸಿ ಇದ್ದಾಗಷ್ಟೇ ಅದು ಕಚ್ಚಿಕೊಳ್ಳೋದು. ಹುಡುಗನ ಕೈಯಾಗನ ಮುಟಗಿ ಹಿಡಿಸ್ರಿ, ತಾ ಹಿಡಿದದ್ದನ್ನ ಹುಡುಗ್ರು ಬಿಡೂದಿಲ್ಲ.

ರೊಟ್ಟಿ ಮಾತು ಬಂದರ, ಮನ್ಯಾಗ ಅದು ನಿಂತುಹೋಗೋದು ಬಾಯಿ ಬ್ಯಾಡ ಅಂದಿದ್ದಕ್ಕಲ್ಲ, ಬಡಿಯೋ ಕೈ ಇಲ್ಲದ್ದಕ್ಕ. ಕೈ ಕಲಿಸ್ರಿ, ಗಂಡುಹುಡುಗ್ರಿಗೂ. ಜೋಳದಾಗ ಗೋದಿಯಂಥ ಜಿಗಿ ಇಲ್ಲ, ಆ ಜಿಗಿ ಎಸರಿನಿಂದನ ಬರಬೇಕು. 2 ವಾಟಿ ಹಿಟ್ಟಿಗೆ ಸುಮಾರು ಒಂದೂವರಿ ವಾಟಿ ನೀರು, ಕಳಕಳ ಕುದೀತಿರಬೇಕು. ಪಿಷ್ಟ ಅಂಟಾಗೋದು 70 ಡಿಗ್ರಿ ಆಸುಪಾಸಿನಾಗ. ಉಗುರುಬೆಚ್ಚಗಿನ ನೀರು ಹಾಕಿ, ಅಂಚು ಸೀಳತಾವ ಅಂತ ಹಿಟ್ಟಿಗೆ ಬೈದರ ಏನೂ ಆಗೂದಿಲ್ಲ. ಎಸರು ಹಾಕಿ 5 ನಿಮಿಷ ಮುಚ್ಚಿ, ಆಮ್ಯಾಲೆ ಅಂಗೈ ಬುಡದಿಂದ ಒತ್ತಿ ನಾದ್ರಿ. ಒಂದು ರೊಟ್ಟಿಗೆ ಬೇಕಾದಷ್ಟನ್ನ ಬಡಿಯೋ ಮುಂದ ಮತ್ತೊಮ್ಮೆ ನಾದಬೇಕು. ಹಂಚಿಗೆ ಹಾಕಿದ ಕೂಡ್ಲೆ ಮ್ಯಾಲಿನ ಒಣಹಿಟ್ಟನ್ನ ನೀರರಿವಿಯಿಂದ ಒರೆಸಿ, ಆ ನೀರು ಪೂರಾ ಆರೋದ್ರೊಳಗ ಹೊರಳಸ್ರಿ. ತಡಾ ಆದರ ಸೀಳಿ ಉಬ್ಬೂದಿಲ್ಲ, ಅವಸರಾ ಆದರ ಹಂಚಿಗೆ ಹತ್ತತೈತಿ.

ಹಿಂಗಾರಿ ಬಿಳಿಜೋಳನ ಕೊಳ್ರಿ, ಮಾಲದಂಡಿ ತಳಿ ಸಿಕ್ಕರ ಅದು. ಹಿಟ್ಟು 15 ದಿನಕ್ಕಾಗೋವಷ್ಟೇ ಬೀಸಿಸ್ರಿ. ಮೊಳಕಿಭಾಗದ ಕೊಬ್ಬಿನಿಂದ ಮುಗ್ಗಲು ವಾಸನಿ ಬರ್ತೈತಿ, ಹುಡುಗ್ರು ಮೊದಲು ಒಲ್ಲೆ ಅನ್ನೋದು ಆ ವಾಸನಿಗೆ. ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನ ಆರಿಸಿ ಡಬ್ಬಿಗೆ ಹಾಕ್ರಿ, ಇಲ್ಲಂದ್ರ ಬೆವರಿ ಗಂಟು ಕಟ್ಟತೈತಿ.

ಕೆಂಪುಖಾರ:
ಬಿಡಬೇಕಾದದ್ದರಾಗ ಮೊದಲನೇದು ಹುಡುಗರಿಗೆ ಚಹಾ ಬಸಿಯೊಳಗ ಬಿಸ್ಕಿಟ್ಟು ಅದ್ದಿ ಕೊಡೋದು. ಚಹಾದ ಒಗರು ಊಟದ ಕಬ್ಬಿಣಾಂಶವನ್ನ ಹಿಡಿದಿಡ್ತದ. ದೊಡ್ಡವರೂ ಊಟಕ್ಕೂ ಚಹಾಕ್ಕೂ ತಾಸಿನ ಅಂತರ ಇಡ್ರಿ, ತಾಟಿನಾಗ ಲಿಂಬಿಹೋಳು ಇಡ್ರಿ. ಅದು ಕಬ್ಬಿಣ ಹೀರಾಕ ಅನುಕೂಲ.

ಎರಡನೇದು ಅಳತಿ. ಒಂದು ರೊಟ್ಟಿಗೆ 50–60 ಗ್ರಾಂ ಹಿಟ್ಟು ಹಿಡೀತದ, ಅಂದ್ರ ಸುಮಾರು 170–200 ಕ್ಯಾಲರಿ. ನೇಗಿಲು ಹೊಡೆಯೋರು ಬೆಣ್ಣಿ ಹಚ್ಚಿ ನಾಕು ರೊಟ್ಟಿ ಉಂಡರ ಅದು ಹೊಲದಾಗ ಕರಗತಿತ್ತು. ಕುರ್ಚಿ ಕೆಲಸದವರು ಎರಡಕ್ಕ ನಿಲ್ಲಿಸಿ, ಪಲ್ಯೆ-ಕಾಳು ಹೆಚ್ಚು ಹಾಕಿಕೊಳ್ಳೋದು ಚಲೋ. ಉಪ್ಪು ಒಬ್ಬರಿಗೆ ದಿನಕ್ಕ 5 ಗ್ರಾಂ, ಒಂದು ಸಣ್ಣ ಚಮಚ ಅಷ್ಟ. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ ಎಲ್ಲಾ ಆ ಲೆಕ್ಕದಾಗನ ಬರ್ತಾವ.

ಪಂಚಮಿ ಉಂಡಿ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾತ್ರ ಬಿಡಬ್ಯಾಡ್ರಿ. ವರ್ಷಕ್ಕೊಮ್ಮೆ ಬರೋ ರುಚಿ ಹಬ್ಬದ ಜೋಡಿನೇ ನೆನಪಿನಾಗ ಉಳೀತದ. ಇಡೀ ಶೇಂಗಾ ಮಾತ್ರ ಸಣ್ಣವರ ಗಂಟಲಿಗೆ ಸಿಕ್ಕೊಳ್ತದ, 5 ವರ್ಷದ ತನಕ ಪುಡಿ ಮಾಡೇ ಕೊಡ್ರಿ.

ಹೊಸಯಲ್ಲಾಪುರ_ಅಂಗಳ:
ಉಪಕಾರ ಆತು. ಮತ್ತೊಂದು: ಡಬ್ಬಿಗೆ ಕಟ್ಟಿದ ರೊಟ್ಟಿ ಮಧ್ಯಾಹ್ನಕ್ಕ ತೊಗಲಿನಂಗ ಆಗ್ತದ. ಏನು ಮಾಡೋದು?

ಶಿಗ್ಗಾವಿ_ಸಾವಿ:
ಆರಿದಮ್ಯಾಲೆ ಪಿಷ್ಟ ಮತ್ತ ಬಿಗೀತೈತಿ, ಅದು ಜೋಳದ ಗುಣ. ಬಿಸಿ ಇದ್ದಾಗನ ಬೆಣ್ಣಿ, ಗುರೆಳ್ಳು ಪುಡಿ ಸವರಿ ಸುರುಳಿ ಸುತ್ತಿ, ಅರಿವಿಯೊಳಗ 5 ನಿಮಿಷ ಇಟ್ಟು ಉಗಿ ಹೋದಮ್ಯಾಲೆ ಡಬ್ಬಿ ಮುಚ್ರಿ. ಬಿಸಿದನ್ನ ಹಂಗ ಮುಚ್ಚಿದರ ಬೆವರಿ ತೊಯ್ದು, ಆಮ್ಯಾಲೆ ತೊಗಲಾಗತೈತಿ. ಇಲ್ಲಾ ಪೂರಾ ಗರಿಗರಿ ಕಟಕ ರೊಟ್ಟಿನ ಕೊಡ್ರಿ, ಜೋಡಿ ಗಟ್ಟಿ ಮೊಸರು. ಮುರಿದು ಹಾಕಿ ಎರಡು ನಿಮಿಷ ಬಿಟ್ಟರ ಸಾಕು, ನೆನೀತೈತಿ.